ಬೀಜ ಒಂದೇ ಸಾಕೇ?

ಪ್ರಶ್ನೆ: ತಂಗಿಗೆ ಸ್ತನ ಕ್ಯಾನ್ಸರ್ ಆಪರೇಷನ್ ಆಗಿದೆ. ಉರಿಯೂತದ ಪ್ರೋಟೀನುಗಳಿಂದ ಕಾಯಿಲೆ ಹರಡುತ್ತದಂತೆ. ನಮ್ಮ ಮಗ, ‘ಎಲ್ಲ ಗಡ್ಡೆಯ ಗುಣ, ಮೈಯದ್ದೇನಿಲ್ಲ’ ಅಂತಾನೆ. ಯಾವುದು ಸರಿ? ದಿನಾ ಆಸ್ಪಿರಿನ್, ಅರಿಶಿನ ಕಷಾಯ ಕೊಟ್ಟರೆ ಸಾಕಲ್ವಾ?
– ಓದುಗರು, ಸೋಮವಾರಪೇಟೆ

ಉತ್ತರ: ನಿಮ್ಮ ಮಗ ಹೇಳಿದ್ದು ಸುಳ್ಳಲ್ಲ. ಕೋಶ ಕೆಡದೆ ಕ್ಯಾನ್ಸರ್ ಇಲ್ಲ, ಒಪ್ಪಿದೆ. ಆದರೆ ಕಾಫಿ ತೋಟದ ಊರಲ್ಲಿ ಹುಟ್ಟಿ ಮಣ್ಣನ್ನು ಮರೆಯಬಹುದಾ? ಒಂದೇ ಮಡಿಯ ಅರೇಬಿಕಾ ಸಸಿ ಗುಡ್ಡದ ಈಚೆ ಒಂದು ಥರ, ಆಚೆ ಇನ್ನೊಂದು ಥರ.

ಲಂಡನ್ನಿನ ಸರ್ಜನ್ ಸ್ಟೀಫನ್ ಪ್ಯಾಜೆಟ್ 1889ರಲ್ಲೇ ಇದನ್ನು ಹೇಳಿದ್ದ. ಸ್ತನ ಕ್ಯಾನ್ಸರಿನಿಂದ ಸತ್ತ 735 ಹೆಂಗಸರ ದಾಖಲೆ ತಿರುವಿ ನೋಡಿದ. ಯಕೃತ್ತಿಗೆ (ಲಿವರ್) ಹರಡಿದ್ದು ಜಾಸ್ತಿ, ಗುಲ್ಮಕ್ಕೆ (ಸ್ಪ್ಲೀನ್) ತೀರಾ ಕಡಿಮೆ. ರಕ್ತ ಎರಡಕ್ಕೂ ಹೋಗುತ್ತದಲ್ವಾ? ಕ್ಯಾನ್ಸರ್ ಕೋಶ ಬೀಜ, ಮೈಯ ಅಂಗ ಮಣ್ಣು; ಬೀಜ ಎಲ್ಲ ಕಡೆ ಬೀಳುತ್ತದೆ, ಒಗ್ಗುವ ಮಣ್ಣಲ್ಲೇ ಬೆಳೆಯುತ್ತದೆ ಎಂಬುದು ಅವನ ವಾದ. ನಮ್ಮ ತೋಟಗಾರರು ಆಡಬೇಕಾದ ಮಾತು!

ನೀವು ಕೇಳಿದ ಉರಿಯೂತದ ಪ್ರೋಟೀನುಗಳು, ಅಂದರೆ ಇಂಟರ್‌ಲ್ಯೂಕಿನ್-6, ಟಿಎನ್‌ಎಫ್ ಮುಂತಾದವು, ಈ ಮಣ್ಣಿಗೆ ಗೊಬ್ಬರ ಇದ್ದಂತೆ. ಗಾಯವಾದಾಗ ರಿಪೇರಿಗೆ ಮೈ ಕಳಿಸುವ ಕರೆ ಅದು. ಗಾಯ ಮಾಯ್ದರೆ ನಿಲ್ಲಬೇಕು. ಗಡ್ಡೆಯ ಸುತ್ತ ಆ ಕರೆ ನಿಲ್ಲುವುದೇ ಇಲ್ಲ. ಕೋಶಗಳು ಒಂದಕ್ಕೊಂದು ಹಿಡಿದ ಪಟ್ಟು ಬಿಟ್ಟು ಸರಿಯತೊಡಗುತ್ತವೆ, ರಕ್ತನಾಳದ ಗೋಡೆ ಸಡಿಲವಾಗುತ್ತದೆ. ಮೈಯ ಕೊಬ್ಬೂ ಇವನ್ನು ತಯಾರಿಸುತ್ತದೆ. 2025ರಲ್ಲಿ ಪ್ರಕಟವಾದ ಇಲಿಗಳ ಪ್ರಯೋಗವೊಂದನ್ನು ಓದಿ ಬೆರಗಾದೆ. ಶ್ವಾಸಕೋಶದಲ್ಲಿ ತೆಪ್ಪಗೆ ಮಲಗಿದ್ದ ಸ್ತನ ಕ್ಯಾನ್ಸರ್ ಕೋಶಗಳು ಫ್ಲೂ ಬಂದ ಕೆಲವೇ ದಿನಗಳಲ್ಲಿ ಎದ್ದು ಬೆಳೆದವು. ಎಬ್ಬಿಸಿದ್ದು ಹೆಚ್ಚಾಗಿ ಈ ಇಂಟರ್‌ಲ್ಯೂಕಿನ್-6. ಹೂಮಳೆಗೆ ಕಾದ ಕಾಫಿ ಮೊಗ್ಗು ನೆನಪಾಯಿತು.

ಹಾಗಂತ ಆಸ್ಪಿರಿನ್ ಡಬ್ಬಿಗೆ ಕೈ ಹಾಕಬೇಡಿ, ತಾಯೀ. ಮೂರು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ಅದನ್ನೂ ನೋಡಿದ್ದಾರೆ. ಅರ್ಧದಷ್ಟು ಜನಕ್ಕೆ ದಿನಾ 300 ಮಿಲಿಗ್ರಾಂ. ಸ್ತನ ಕ್ಯಾನ್ಸರ್ ಮರುಕಳಿಸುವುದು ಕಡಿಮೆಯಾಗಲಿಲ್ಲ ಎಂದು 2024ರಲ್ಲಿ ವರದಿ ಬಂತು. ಅರಿಶಿನ ಸಾರಿಗಿರಲಿ. ಕಷಾಯ ಕೊಡುವುದೇ ಆದರೆ ಡಾಕ್ಟರಿಗೆ ಹೇಳಿಯೇ ಕೊಡಿ. ಅವರು ಬರೆದ ಮಾತ್ರೆ ಮಾತ್ರ ಒಂದು ದಿನವೂ ತಪ್ಪದಿರಲಿ.

ನನ್ನ ಸಿಟ್ಟು ಬೇರೆ ಕಡೆಗಿದೆ. ಬೀಜ, ಮಣ್ಣು ಅಂದರೆ ನಮ್ಮವರಿಗೆ ಎರಡು ನಿಮಿಷದಲ್ಲಿ ತಿಳಿಯುತ್ತದೆ. ಹಾಗೆ ಹೇಳುವವರು ಎಷ್ಟು ಜನ? ನಮ್ಮ ದೊಡ್ಡಮ್ಮನನ್ನು ಬೆಳಗಿನ ಮೊದಲ ಬಸ್ಸಿಗೆ ಹತ್ತಿಸಿ ಮೈಸೂರಿಗೆ ಕರೆದೊಯ್ದಿದ್ದೆ. ಡಾಕ್ಟರು ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಿ ಎದ್ದು ಹೋದರು. ವಾಪಸು ಬರುವಾಗ ಕುಶಾಲನಗರ ದಾಟುವ ತನಕ ದೊಡ್ಡಮ್ಮನದು ಒಂದೇ ಪ್ರಶ್ನೆ: “ಹರಡಿದೆ ಅಂದ್ರಾ, ಇಲ್ಲ ಅಂದ್ರಾ?”