ಜನವರಿ 26ರಂದು ಗಣರಾಜ್ಯೋತ್ಸವವಲ್ಲದೆ ಇನ್ನೇನು ನಡೆದಿದೆ?

ನನ್ನ ಮಟ್ಟಿಗೆ ಈ ದಿನ ಮೊದಲು ನೆನಪಾಗಬೇಕಾದ ಹೆಸರು ಸಂಗೊಳ್ಳಿ ರಾಯಣ್ಣನದು. ಕಿತ್ತೂರು ಬ್ರಿಟಿಷರ ಕೈಸೇರಿದ ಮೇಲೂ ಸೋಲೊಪ್ಪದೆ, ರಾಣಿ ಚೆನ್ನಮ್ಮನ ದತ್ತುಪುತ್ರ ಶಿವಲಿಂಗಪ್ಪನನ್ನು ಗದ್ದುಗೆಗೇರಿಸಲು ಕಾಡಿನಲ್ಲಿ ಅಡಗಿದ್ದು ಹೋರಾಡಿದ ವೀರ ಅವನು. ಸರ್ಕಾರಿ ಕಚೇರಿಗಳಿಗೆ ಬೆಂಕಿಯಿಟ್ಟ, ಖಜಾನೆಗಳನ್ನು ದೋಚಿದ. ನಮ್ಮವರೇ ಮೋಸದಿಂದ ಹಿಡಿದುಕೊಟ್ಟರೆಂಬುದು ಇಂದಿಗೂ ಎದೆ ಚುಚ್ಚುವ ಮಾತು. 1831ರ ಜನವರಿ 26ರಂದು ಅವನನ್ನು ಈಗಿನ ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ ಗಲ್ಲಿಗೇರಿಸಲಾಯಿತು. ಅಲ್ಲಿನ ಅವನ ಸಮಾಧಿಗೆ ಜನ ಈಗಲೂ ಭಕ್ತಿಯಿಂದ ನಡೆದುಕೊಳ್ಳುತ್ತಾರೆ.

ಗಣರಾಜ್ಯೋತ್ಸವಕ್ಕೆ ಇದೇ ದಿನ ಏಕೆ ಎಂದೂ ಹಲವರು ಕೇಳುತ್ತಾರೆ. ಸಂವಿಧಾನ ಅಂಗೀಕಾರವಾದದ್ದು 1949ರ ನವೆಂಬರ್ 26ರಂದು. ಆದರೆ ಲಾಹೋರ್ ಕಾಂಗ್ರೆಸ್ ಅಧಿವೇಶನದ ನಿರ್ಣಯದ ಬೆನ್ನಿಗೆ 1930ರ ಜನವರಿ 26ರಂದು ದೇಶದೆಲ್ಲೆಡೆ ಪೂರ್ಣ ಸ್ವರಾಜ್ಯದ ಪ್ರತಿಜ್ಞೆ ಸ್ವೀಕರಿಸಲಾಗಿತ್ತು. ಆ ದಿನದ ಗೌರವಕ್ಕೆಂದೇ ಎರಡು ತಿಂಗಳು ಕಾದು, 1950ರ ಜನವರಿ 26ರಂದು ಸಂವಿಧಾನವನ್ನು ಪೂರ್ಣವಾಗಿ ಜಾರಿಗೆ ತಂದರು. ಅಂದೇ ಬಾಬು ರಾಜೇಂದ್ರ ಪ್ರಸಾದರು ಮೊದಲ ರಾಷ್ಟ್ರಪತಿಯಾದರು.

2001ರ ಇದೇ ದಿನ ಬೆಳಿಗ್ಗೆ, ಶಾಲೆಗಳಲ್ಲಿ ಧ್ವಜವಂದನೆ ನಡೆಯುವ ಹೊತ್ತಿಗೆ, ಗುಜರಾತಿನ ಕಛ್ ನಡುಗಿತು. ಆ ಭೂಕಂಪದಲ್ಲಿ ಸಾವಿರಾರು ಜೀವಗಳು ಹೋದವು. ಭುಜ್, ಅಂಜಾರ್, ಭಚಾವ್ ಪಟ್ಟಣಗಳು ನೆಲಕಚ್ಚಿದವು.

ಇನ್ನು 1788ರಲ್ಲಿ ಸಿಡ್ನಿಯ ದಡದಲ್ಲಿ ಬ್ರಿಟಿಷರು ಧ್ವಜ ಊರಿದ್ದೂ ಜನವರಿ 26ರಂದೇ. ಆಸ್ಟ್ರೇಲಿಯಾಕ್ಕೆ ಅದು ರಾಷ್ಟ್ರೀಯ ದಿನ, ಅಲ್ಲಿನ ಮೂಲನಿವಾಸಿಗಳಲ್ಲಿ ಅನೇಕರಿಗೆ ಶೋಕದ ದಿನ.