ಮಳೆಯಲ್ಲೂ ಇಳಿಯುವ ವಿಮಾನ ಮಂಜು ಕರಗಲು ಏಕೆ ಕಾಯುತ್ತದೆ?

ಮಂಜಿನಲ್ಲಿ ಹಾರುವುದು ಕಷ್ಟವಲ್ಲ, ಇಳಿಯುವುದು ಕಷ್ಟ. ಕೊನೆಯ ಕ್ಷಣಗಳಲ್ಲಿ ಪೈಲಟ್‌ಗೆ ಸಾಮಾನ್ಯವಾಗಿ ರನ್‌ವೇ ಕಣ್ಣಾರೆ ಕಾಣಬೇಕು. ಸಾಧಾರಣ ಮಳೆ ಅದನ್ನು ಮರೆಮಾಡುವುದಿಲ್ಲ. ದಟ್ಟ ಮಂಜು ಮರೆಮಾಡುತ್ತದೆ.

ಕಾರಣ ಹನಿಯ ಗಾತ್ರ. ಮಳೆಹನಿಗಳು ದಪ್ಪ, ನಡುವೆ ಸಾಕಷ್ಟು ತೆರಪಿರುತ್ತದೆ. ಮಂಜಿನ ಹನಿ ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ಸಣ್ಣದು, ಸಂಖ್ಯೆ ಲೆಕ್ಕಕ್ಕೆ ಸಿಗದು. ಅಷ್ಟೂ ಹನಿಗಳು ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುತ್ತವೆ. ಡಿಸೆಂಬರ್ ನಸುಕಿನಲ್ಲಿ ಮಂಡ್ಯದ ಕಬ್ಬಿನ ಗದ್ದೆಗಳ ನಡುವೆ ಬೈಕ್ ಓಡಿಸಿದ್ದರೆ ನಿಮಗೇ ಗೊತ್ತು: ಹೆಡ್‌ಲೈಟ್ ಜೋರು ಮಾಡಿದಷ್ಟೂ ಎದುರಿನ ಬಿಳಿ ಗೋಡೆ ಗಟ್ಟಿಯಾಗುತ್ತದೆ, ರಸ್ತೆ ಕಾಣುವುದಿಲ್ಲ.

ರೇಡಿಯೊ ಸಂಕೇತದ ನೆರವಿನಿಂದ ಇಳಿಯುವ ಸಾಮಾನ್ಯ ವ್ಯವಸ್ಥೆಯಲ್ಲೂ ನೆಲದಿಂದ ಸುಮಾರು 60 ಮೀಟರ್ ಎತ್ತರಕ್ಕೆ ಬರುವಷ್ಟರಲ್ಲಿ ರನ್‌ವೇ ಅಥವಾ ಅದರ ದೀಪಗಳು ಕಾಣಲೇಬೇಕು. ಕಾಣದಿದ್ದರೆ ಪೈಲಟ್ ವಿಮಾನವನ್ನು ಮತ್ತೆ ಮೇಲಕ್ಕೇರಿಸುತ್ತಾರೆ. ಕಿಟಕಿ ಪಕ್ಕ ಕುಳಿತವರಿಗೆ ಎದೆ ಝಲ್ಲೆನ್ನಬಹುದು, ಆದರೆ ಅದು ಅಪಾಯದಿಂದ ದೂರ ಸರಿಯುವ ಕ್ರಮ. ಇದಕ್ಕಿಂತ ಕಡಿಮೆ ಕಾಣುವಾಗಲೂ ಇಳಿಸುವ ಉಪಕರಣಗಳಿವೆ. ಅವು ನಿಲ್ದಾಣದಲ್ಲಿ ಮಾತ್ರ ಇದ್ದರೆ ಸಾಲದು, ವಿಮಾನದಲ್ಲೂ ಇರಬೇಕು, ಪೈಲಟ್‌ಗೆ ಆ ತರಬೇತಿಯೂ ಆಗಿರಬೇಕು.

ಗುಡುಗುಮಳೆಯ ಮಾತು ಬೇರೆ. ಅಲ್ಲಿ ಮುಖ್ಯ ತೊಂದರೆ ನೀರಿನಿಂದಲ್ಲ, ದಿಢೀರನೆ ದಿಕ್ಕು ಬದಲಿಸುವ ಗಾಳಿಯಿಂದ.

ಮೈಸೂರಿನ ಮಂಡಕಳ್ಳಿ ನಿಲ್ದಾಣದಿಂದ ಬೆಳಗಿನ ವಿಮಾನ ಹಿಡಿಯುವವರು ಚಳಿಗಾಲದಲ್ಲಿ ಒಂದೆರಡು ಗಂಟೆ ಹೆಚ್ಚುವರಿಯಾಗಿ ಇಟ್ಟುಕೊಳ್ಳಿ. ರಾತ್ರಿ ತಣ್ಣಗಾದ ನೆಲ ಬಿಸಿಲಿಗೆ ಕಾದ ಮೇಲೆ ಇಂಥ ಮಂಜು ಸಾಮಾನ್ಯವಾಗಿ ತಾನೇ ಕರಗುತ್ತದೆ.