ವಿಡಿಯೋ ಕನ್ವರ್ಟ್ ಮಾಡುವ ಸಾಫ್ಟ್‌ವೇರ್ ಹ್ಯಾಂಡ್‌ಬ್ರೇಕ್‌ನಲ್ಲಿ ಒಂದು ಫೋಲ್ಡರ್‌ನ ಎಲ್ಲಾ ವಿಡಿಯೋಗಳನ್ನು ಒಟ್ಟಿಗೆ ಕನ್ವರ್ಟ್ ಮಾಡುವುದು ಹೇಗೆ?
ಒಂದೊಂದೇ ಫೈಲ್ ತೆರೆಯುತ್ತಾ ಕೂರಬೇಕಿಲ್ಲ, ಅದಕ್ಕೇ ಕ್ಯೂ, ಅಂದರೆ ಫೈಲ್‌ಗಳನ್ನು ಸಾಲಾಗಿ ಕನ್ವರ್ಟ್ ಮಾಡುವ ಪಟ್ಟಿ ಇದೆ. ಮೊದಲು ಪ್ರಿಫರೆನ್ಸಸ್‌ಗೆ ಹೋಗಿ, ಔಟ್‌ಪುಟ್ ಫೈಲ್ಸ್‌ನಲ್ಲಿ ತಾನಾಗಿಯೇ ಹೆಸರು ಕೊಡುವ ಆಯ್ಕೆ ಆನ್ ಮಾಡಿ, ಸೇವ್ ಆಗುವ ಫೋಲ್ಡರ್ ತೋರಿಸಿ. ಜಾಸ್ತಿ ಜನ ಎಡವುವುದು ಇಲ್ಲೇ. ಆಮೇಲೆ ಓಪನ್ ಸೋರ್ಸ್ ಒತ್ತಿ ಇಡೀ ಫೋಲ್ಡರ್ ಆರಿಸಿದರೆ ಒಳಗಿರುವ ವಿಡಿಯೋಗಳನ್ನೆಲ್ಲ ಅದೇ ಸ್ಕ್ಯಾನ್ ಮಾಡುತ್ತದೆ.

ಈಗ ಪ್ರಿಸೆಟ್, ಅಂದರೆ ಮೊದಲೇ ಸಿದ್ಧವಾಗಿರುವ ಸೆಟ್ಟಿಂಗ್‌ಗಳ ಗುಂಪು. ಫಾಸ್ಟ್ 1080ಪಿ30 ಸಾಕು. ಅದರಲ್ಲಿ ಆರ್‌ಎಫ್ (ಚಿತ್ರದ ಗುಣಮಟ್ಟ ನಿರ್ಧರಿಸುವ ಸಂಖ್ಯೆ) 22 ಇರುತ್ತದೆ, ಚಿತ್ರ ಇನ್ನೂ ಚೆನ್ನಾಗಿರಬೇಕೆಂದರೆ 20ಕ್ಕೆ ಇಳಿಸಿ, ಫೈಲ್ ಸ್ವಲ್ಪ ದೊಡ್ಡದಾಗುತ್ತದೆ ಅಷ್ಟೇ. ಕ್ಯೂಗೆ ಹಾಕಿದ ಮೇಲೆ ಸೆಟ್ಟಿಂಗ್ ಬದಲಿಸಿದರೆ ಒಳಗಿರುವ ಕೆಲಸಗಳು ಬದಲಾಗುವುದಿಲ್ಲ, ನೆನಪಿರಲಿ. ಹಾಗಾಗಿ ಒಂದೇ ಒಂದು ಫೈಲ್ ಮೊದಲು ಕನ್ವರ್ಟ್ ಮಾಡಿ ನೋಡಿ, ಸರಿ ಅನ್ನಿಸಿದ ಮೇಲೆ ಆ್ಯಡ್ ಆಲ್ ಕೊಟ್ಟು ಸ್ಟಾರ್ಟ್ ಕ್ಯೂ ಒತ್ತಿ.